ಕೊಹಿಮಾದ ಟೆನಿಸ್ ಕೋರ್ಟು

ನಾಗಾಲ್ಯಾಂಡಿನ ದಿಮಾಪುರದಿಂದ ರಾಜಧಾನಿ ಕೊಹಿಮಾ 70 ಚಿಲ್ಲರೆ ಕಿಲೋಮೀಟರ್ ಅಷ್ಟೇ, ಆದ್ರೆ ಶೇರಿಂಗ್ ಸುಮೋದಲ್ಲಿ ಹಿಂದಿನ ಸೀಟು ಸಿಕ್ರೆ ಸೊಂಟದ ಕಥೆ ಮುಗೀತು. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಬ್ರಿಟಿಷರೂ ಜಪಾನಿಗಳೂ ಇದೇ ರೋಡಿಗೋಸ್ಕರ ಹೊಡೆದಾಡಿದ್ದು. ಬ್ರಿಟಿಷರ ಸಾಮಾನೆಲ್ಲ ದಿಮಾಪುರಕ್ಕೆ ರೈಲಲ್ಲಿ ಬಂದು ಈ ರೋಡಲ್ಲೇ ಮಣಿಪುರದ ಇಂಫಾಲಕ್ಕೆ ಹೋಗ್ತಿತ್ತು, ಕೊಹಿಮಾ ಹಿಡಿದ್ರೆ ಇಂಫಾಲಕ್ಕೆ ದಾರಿ ಬಂದ್.

ವಾರ್ ಸೆಮೆಟ್ರಿ ಊರ ಮಧ್ಯದಲ್ಲೇ ಇದೆ, ಗುಡ್ಡದ ಮೇಲೆ ಸಾಲು ಸಾಲಾಗಿ 1,420 ಸಮಾಧಿ, ದಹನ ಮಾಡಿದ ಹಿಂದೂ ಸಿಖ್ ಸೈನಿಕರ ಹೆಸರುಗಳು ಬೇರೆ ಕಡೆ ಕೆತ್ತಿದಾರೆ, ಅವೂ 900ರ ಮೇಲಿವೆ. ಮೇಲಕ್ಕೆ ಹತ್ತಿದ್ರೆ ಟೆನಿಸ್ ಕೋರ್ಟು, ಆಗಿನ ಡೆಪ್ಯುಟಿ ಕಮಿಷನರ್ ಚಾರ್ಲ್ಸ್ ಪಾಸಿ ಬಂಗಲೆದು. ಬಂಗಲೆ ಇಲ್ಲ, ಕೋರ್ಟಿನ ಬಿಳಿ ಗೆರೆ ಮಾತ್ರ ಕಾಂಕ್ರೀಟಲ್ಲಿ ಉಳಿಸಿದಾರೆ. ಈ ಗೆರೆಯಿಂದ ಆ ಗೆರೆಗೆ ನಡೆದು ನೋಡ್ದೆ, ಮಾತಾಡಿದ್ರೆ ಕೇಳಿಸೋ ದೂರ ಕಣ್ರೀ, ಆ ಕಡೆ ಜಪಾನಿಗಳು ಈ ಕಡೆ ಬ್ರಿಟಿಷರ ಸೈನಿಕರು, ಮಧ್ಯ ಹ್ಯಾಂಡ್ ಗ್ರೆನೇಡ್ ಎಸೆದಾಟ! ಪಕ್ಕದಲ್ಲೊಂದು ಚೆರ್ರಿ ಮರ, ಜಪಾನಿ ಸ್ನೈಪರ್‌ಗಳು ಬಳಸ್ತಿದ್ದ ಮರ ಯುದ್ಧದಲ್ಲಿ ಹಾಳಾಗಿ ಅದರ ಬುಡದಿಂದ ಚಿಗುರಿದ್ದಂತೆ ಇದು, ಬೋರ್ಡ್ ಹಾಕಿದಾರೆ.

ಏಪ್ರಿಲ್ ಮೊದಲ ವಾರದಲ್ಲಿ ಮುತ್ತಿಗೆ ಬಿದ್ದಾಗ ಒಳಗಿದ್ದ ಬ್ರಿಟಿಷರ ಕಡೆಯೋರು ಸುಮಾರು 2,500, ಅದರಲ್ಲೂ ಅಡುಗೆಯೋರು ಗುಮಾಸ್ತರು ಅಂತ ಬಂದೂಕು ಹಿಡಿಯದೋರೇ ಸುಮಾರು 1,000. ಸುತ್ತ ಇದ್ದಿದ್ದು ಜಪಾನಿ ಜನರಲ್ ಸಾತೋನ 31ನೇ ಡಿವಿಷನ್, 15,000 ಜನ. ಜಪಾನಿಗಳು ನೀರು ಕಟ್ ಮಾಡಿದ್ರು, ಒಂದು ಸಣ್ಣ ಊಟೆಗೆ ರಾತ್ರಿ ಕದ್ದು ಹೋಗಿ ತುಂಬ್ಕೊಂಡು ಬರಬೇಕಿತ್ತು, ವಿಮಾನದಿಂದ ಹಾಕಿದ ಸಾಮಾನಲ್ಲೂ ಒಂದಷ್ಟು ಹೋಗಿ ಜಪಾನಿಗಳ ಮಡಿಲಿಗೇ ಬೀಳ್ತಿತ್ತು. ಗಾಯಾಳುಗಳನ್ನ ಹೊತ್ತಿದ್ದು, ಕಾಡಲ್ಲಿ ದಾರಿ ತೋರಿಸಿದ್ದು ನಾಗಾ ಹಳ್ಳಿಯವರು. ಅವರ ಊರಲ್ಲೇ ಇಷ್ಟೆಲ್ಲಾ ಆಗಿ ಅವರ ಕಥೆ ಎರಡನೇ ಸಾಲಿಗೆ ಹೋಗಿಬಿಟ್ಟಿದೆ ಅನ್ನೋದು ನಂಗೆ ಬೇಜಾರು.

ಶೌರ್ಯದ ಮಾತು ಅಲ್ಲಿ ಎಲ್ಲಾ ಕಲ್ಲಲ್ಲೂ ಇದೆ, ಆದ್ರೆ ಕೊನೆಗೆ ಆಟ ಮುಗಿಸಿದ್ದು ಹೊಟ್ಟೆ. ಜಪಾನಿಗಳು ಸುಮಾರು ಮೂರು ವಾರದ ರೇಷನ್ ಹೊತ್ತು ದನ ಹೊಡ್ಕೊಂಡು ಬರ್ಮಾದ ಚಿಂದ್ವಿನ್ ನದಿ ದಾಟಿ ಬಂದೋರು, ದನ ದಾರೀಲೇ ಎಷ್ಟೋ ಸತ್ವು, ಹಿಂದಿನಿಂದ ಅಕ್ಕಿ ಬರಲೇ ಇಲ್ಲ. ಮೇ ಕೊನೆಗೆ ಸಾತೋ ಮೇಲಿನವರ ಆರ್ಡರ್ ಮೀರಿ ತನ್ನ ಹುಡುಗರನ್ನ ವಾಪಸ್ ಕರ್ಕೊಂಡು ಹೊರಟ. ಅವನನ್ನ ಹುದ್ದೆಯಿಂದ ತೆಗೆದ್ರು, ಕೋರ್ಟ್ ಮಾರ್ಷಲ್ ಮಾಡೋ ಬದಲು ಮಾನಸಿಕ ಸ್ಥಿಮಿತ ಇಲ್ಲ ಅಂತ ಷರಾ ಬರೆದು ಕೈತೊಳ್ಕೊಂಡ್ರು. ನನ್ನ ಕೇಳಿದ್ರೆ ಆ ಗುಂಪಲ್ಲಿ ತಲೆ ನೆಟ್ಟಗಿದ್ದೋನು ಅವನೊಬ್ಬನೇ.