ಮೇ ತಿಂಗಳ ಬಿಸಿಲಲ್ಲಿ ಅಕ್ಕಲಕೋಟೆಯಿಂದ ಪಂಢರಪುರಕ್ಕೆ: ಇಲೆಕ್ಟ್ರಿಕ್ ಕಾರಿನವರಿಗೆ ಒಂದಿಷ್ಟು ಮಾತು

ಕಳೆದ ವರ್ಷ ಮೇ ತಿಂಗಳಲ್ಲಿ ಅವ್ವನನ್ನು ಕರೆದುಕೊಂಡು ಪಂಢರಪುರಕ್ಕೆ ಹೋಗಿದ್ದೆ. ಅಕ್ಕಲಕೋಟೆಯ ನಮ್ಮ ಮನೆಯಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿ.ಮೀ. ಅಲ್ಲಿಂದ ಮಂಗಳವೇಢೆ ಮೇಲೆ ಹಾಯ್ದು ಪಂಢರಪುರಕ್ಕೆ ಇನ್ನೊಂದು 80. ನಮ್ಮದು 30 ಯುನಿಟ್ ಬ್ಯಾಟರಿಯ ಇಲೆಕ್ಟ್ರಿಕ್ ಕಾರು. ಯುನಿಟ್ ಅಂದರೆ ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯುನಿಟ್. ಚಳಿಗಾಲದಲ್ಲಿ ಒಂದು ಚಾರ್ಜಿಗೆ 210 ಕಿ.ಮೀ. ಓಡಿತ್ತು. 120 ಕಿ.ಮೀ. ಯಾವ ಲೆಕ್ಕ ಅಂತ ತಯಾರಿಯನ್ನೇ ಮಾಡಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೊರಟೆ, ಏಸಿ 18ಕ್ಕೆ ಇಟ್ಟೆ, ಹೈವೇಯಲ್ಲಿ 100ರ ಹತ್ತಿರ ಓಡಿಸಿದೆ. ಪಂಢರಪುರ ಮುಟ್ಟಿದಾಗ 23 ಪರ್ಸೆಂಟ್ ಉಳಿದಿತ್ತು.

ದರ್ಶನ ಮುಗಿಸಿ ಮಧ್ಯಾಹ್ನ ಒಂದೂವರೆಗೆ ಫಾಸ್ಟ್ ಚಾರ್ಜರ್ ಹುಡುಕಿ ಅದರ ಗನ್, ಅಂದರೆ ಕಾರಿಗೆ ಚುಚ್ಚುವ ದಪ್ಪ ಪ್ಲಗ್, ಚುಚ್ಚಿದೆ. 60 ಕಿಲೋವ್ಯಾಟಿನ ಚಾರ್ಜರ್. ಕಾರಿಗೆ ಹೋಗುತ್ತಿದ್ದದ್ದು ಬರೀ 15. ಕಾರು ಆವರೆಗೂ ಬಯಲಲ್ಲಿ ನಿಂತು ಕಾದಿತ್ತು, ಬ್ಯಾಟರಿ ಬಿಸಿಯಾಗಿತ್ತು. ತನ್ನನ್ನು ಕಾಪಾಡಿಕೊಳ್ಳಲು ಅದು ಕಡಿಮೆ ಕರೆಂಟ್ ತೆಗೆದುಕೊಳ್ಳುತ್ತಿತ್ತು. 40 ನಿಮಿಷದ ಕೆಲಸಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ ಬೇಕಾಯಿತು. ಅಲ್ಲಿ ಶೆಡ್ ಇಲ್ಲ, ಮರವಿಲ್ಲ. ಅವ್ವ ಸೆರಗು ತಲೆಯ ಮೇಲೆ ಹೊದ್ದುಕೊಂಡು ಸಿಮೆಂಟ್ ಕಟ್ಟೆಯ ಮೇಲೆ ಕೂತಿದ್ದಳು. "ಗಾಡಿಗಿ ಭೀ ಜ್ವರ ಬಂದದೇನು ತಮ್ಮಾ?" ಅಂತ ಕೇಳಿದಳು. ಅವಳ ಮುಖ ಕೆಂಪಾಗಿತ್ತು. ಆ ಮುಖ ನೋಡಿ ನನಗೆ ಹೆದರಿಕೆಯಾಯಿತು.

ಈ ವರ್ಷ ಮತ್ತೆ ಅದೇ ತಿಂಗಳು, ಅದೇ ದಾರಿಯಲ್ಲಿ ಹೋಗಿಬಂದೆವು. ಈ ಸಲ ಹದಿನೈದು ದಿನ ಮೊದಲೇ ತಯಾರಿ ಶುರು ಮಾಡಿದ್ದೆ. ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಏಪ್ರಿಲ್, ಮೇ ಅಂದರೆ 42, 43 ಡಿಗ್ರಿ ಮಾಮೂಲು. ಈ ಬಿಸಿಲಲ್ಲಿ ಹೊರಡುವವರು ಕಿಲೋಮೀಟರ್ ಲೆಕ್ಕಕ್ಕಿಂತ ಮೊದಲು ಬಿಸಿಯ ಲೆಕ್ಕ ಹಾಕಬೇಕು.

ಬ್ಯಾಟರಿಗೆ ನಮ್ಮ ಹಾಗೇ ಹದವಾದ ಹವೆ ಬೇಕು. 15ರಿಂದ 35 ಡಿಗ್ರಿಯೊಳಗೆ ಅದು ಚೆನ್ನಾಗಿರುತ್ತದೆ. ಅದಕ್ಕಿಂತ ಬಿಸಿಯಾದರೆ ಒಳಗಿನ ರಾಸಾಯನಿಕಗಳು ಬೇಡದ ಕೆಲಸ ಜಾಸ್ತಿ ಮಾಡುತ್ತವೆ, ಬ್ಯಾಟರಿಯ ಆಯಸ್ಸು ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಇದರಲ್ಲಿ ತೀರಾ ಕೆಟ್ಟದ್ದು ಫುಲ್ ಚಾರ್ಜ್ ಮಾಡಿ ಬಿಸಿಲಲ್ಲಿ ನಿಲ್ಲಿಸುವುದು. ಕಳೆದ ವರ್ಷ ನಾನು ಅದನ್ನೇ ಮಾಡಿದ್ದೆ. ಹಿಂದಿನ ದಿನ ಮಧ್ಯಾಹ್ನವೇ 100 ಮಾಡಿ ಅಂಗಳದ ಬಿಸಿಲಲ್ಲಿ ಬಿಟ್ಟಿದ್ದೆ. ಈಗ ದಿನನಿತ್ಯ 80ಕ್ಕೆ ನಿಲ್ಲಿಸುತ್ತೇನೆ. ಊರಿಗೆ ಹೊರಡುವ ದಿನ ಮಾತ್ರ 100. ಅದೂ ಹೊರಡುವ ಹೊತ್ತಿಗೆ ಸರಿಯಾಗಿ ಮುಗಿಯುವ ಹಾಗೆ ರಾತ್ರಿ ಎರಡು ಗಂಟೆಗೆ ಟೈಮರ್ ಇಡುತ್ತೇನೆ. ನಿಮ್ಮ ಕಾರಿನದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದರೆ ಆಗಾಗ 100ರ ತನಕ ಚಾರ್ಜ್ ಮಾಡಿ ಎಂದು ಕಂಪನಿಯವರೇ ಹೇಳುತ್ತಾರೆ. ಇಲ್ಲದಿದ್ದರೆ ಪರ್ಸೆಂಟ್ ಲೆಕ್ಕ ತಪ್ಪುತ್ತಾ ಹೋಗುತ್ತದೆ. ಕಾರಿನ ಜೊತೆ ಕೊಟ್ಟ ಪುಸ್ತಕ ತೆಗೆದು ನಿಮ್ಮದು ಯಾವ ಜಾತಿಯ ಬ್ಯಾಟರಿ ಅಂತ ಮೊದಲು ನೋಡಿಕೊಳ್ಳಿ.

ಇನ್ನು ಮನೆಯ ಕರೆಂಟ್. ಎಲ್ಲರೂ ಅಲಕ್ಷ್ಯ ಮಾಡುವುದು ಇದನ್ನೇ. ಹೊರಡುವ ಎರಡು ವಾರ ಮೊದಲು ಒಂದು ರಾತ್ರಿ ಸಾಕೆಟ್ ಹತ್ತಿರ ಸುಟ್ಟ ವಾಸನೆ ಬಂತು. ಪ್ಲಗ್ ಕಿತ್ತು ನೋಡಿದರೆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಇಲೆಕ್ಟ್ರಿಷಿಯನ್ ಬಂದು ನೋಡಿ, "ಅಣ್ಣಾರೆ, ಇದು ಗೀಜರಿಗಿ ನಡೀತದ. ರಾತ್ರಿ ಪೂರಾ ಎಳ್ಯೋ ಗಾಡಿಗಿ ನಡ್ಯಂಗಿಲ್ಲ" ಅಂದ. ಅವನ ಮಾತು ಸರಿ. ಗೀಜರ್ ಕಾಲು ಗಂಟೆ ಓಡಿ ನಿಲ್ಲುತ್ತದೆ. ಕಾರು 15 ಆಂಪಿಯರ್ ಕರೆಂಟನ್ನು ಏಳೆಂಟು ತಾಸು ಬಿಡದೆ ಎಳೆಯುತ್ತದೆ. ಸ್ಕ್ರೂ ಸ್ವಲ್ಪ ಸಡಿಲವಿದ್ದರೂ ಅಲ್ಲಿ ಬಿಸಿ ಏರುತ್ತದೆ. ಬೇಸಿಗೆಯ ಗೋಡೆ ಮೊದಲೇ ಕಾದಿರುತ್ತದೆ ಬೇರೆ.

ಮೀಟರಿನಿಂದ ನೇರ 4 ಸ್ಕ್ವೇರ್ ಎಂಎಂ ತಾಮ್ರದ ವಯರ್ ಎಳೆಸಿದೆ. ಅದಕ್ಕೇ ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), ಶಾಕ್ ಹೊಡೆಯದಂತೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಮತ್ತು ದಪ್ಪನೆಯ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿದೆ. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕಾರು ಚಾರ್ಜ್ ಮಾಡಲೇಬೇಡಿ. ಇನ್ನೊಂದು ಸಂಗತಿ ನನಗೆ ಗೊತ್ತೇ ಇರಲಿಲ್ಲ. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಮಣ್ಣು ಒಣಗಿದರೆ ಅರ್ಥಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಎಷ್ಟೋ ಕಾರುಗಳು ಅರ್ಥಿಂಗ್ ಸರಿಯಿಲ್ಲವೆಂದು ಚಾರ್ಜನ್ನೇ ನಿಲ್ಲಿಸುತ್ತವೆ. ಅರ್ಥಿಂಗ್ ಗುಂಡಿಗೆ ಎರಡು ದಿನಕ್ಕೊಮ್ಮೆ ಒಂದು ಕೊಡ ನೀರು ಹಾಕಿ. ಪಾತ್ರೆ ತೊಳೆದ ನೀರಾದರೂ ಆಗುತ್ತದೆ.

ಕೂಲಂಟ್ ಅಂದರೆ ಬ್ಯಾಟರಿ, ಮೋಟಾರನ್ನು ತಣಿಸುವ ದ್ರವ. ಅದರ ಮಟ್ಟ ನೋಡುವುದು ಎರಡು ನಿಮಿಷದ ಕೆಲಸ. ಗಾಡಿ ಪೂರ್ತಿ ತಣ್ಣಗಿದ್ದಾಗ ಮಾತ್ರ ನೋಡಿ, ಬಿಸಿಯಲ್ಲಿ ಮುಚ್ಚಳ ತೆಗೆಯಬಾರದು. ಕಡಿಮೆಯಿದ್ದರೆ ಕಂಪನಿ ಹೇಳಿದ್ದನ್ನೇ ಹಾಕಿಸಿ. ನಲ್ಲಿಯ ನೀರು ಬೇಡ, ಅಂಗಡಿಯಲ್ಲಿ ಸಿಗುವ ಬೇರೆ ಬಣ್ಣದ್ದೂ ಬೇಡ.

ಆಮೇಲೆ ಚಿಕ್ಕ 12 ವೋಲ್ಟ್ ಬ್ಯಾಟರಿ. ಇಲೆಕ್ಟ್ರಿಕ್ ಕಾರಿಗೂ ಇದು ಇರುತ್ತದೆ. ಇದು ಸತ್ತರೆ ದೊಡ್ಡ ಬ್ಯಾಟರಿಯಲ್ಲಿ 90 ಪರ್ಸೆಂಟ್ ಇದ್ದರೂ ಕಾರು ಏಳುವುದಿಲ್ಲ, ಯಾಕಂದರೆ ದೊಡ್ಡ ಬ್ಯಾಟರಿಯ ಸ್ವಿಚ್ ಹಾಕುವುದೇ ಇದು. ಮಾಮೂಲಿ ಲೆಡ್ ಬ್ಯಾಟರಿಗೆ ಬಿಸಿಲೇ ದೊಡ್ಡ ಶತ್ರು. ನಮ್ಮದಕ್ಕೆ ಮೂರು ವರ್ಷ ದಾಟಿತ್ತು. ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿದೆ. ಬಲ ಕಡಿಮೆ ಅಂದರು, ಬದಲಾಯಿಸಿದೆ. ಜೊತೆಯಲ್ಲಿ ವಯಸ್ಸಾದವರು ಇದ್ದಾಗ ದಾರಿಯಲ್ಲಿ ನಿಲ್ಲುವ ಅಪಾಯ ಯಾಕೆ ಬೇಕು, ಅಲ್ವಾ?

ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡಿಸುವ ಮೊದಲೇ ಚೆಕ್ ಮಾಡಿಸಿ. ಪ್ರತಿ ಐದಾರು ಡಿಗ್ರಿ ಬಿಸಿಗೆ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಮೀಟರಿನಲ್ಲಿ ನಾಲ್ಕೈದು ಜಾಸ್ತಿ ತೋರಿಸಿದರೆ ಗಾಬರಿಯಾಗಿ ಗಾಳಿ ಬಿಡಿಸಬೇಡಿ. ಬಿಡಿಸಿದರೆ ತಣ್ಣಗಾದ ಮೇಲೆ ಕಡಿಮೆಯಾಗಿರುತ್ತದೆ. ಗಾಳಿ ಕಡಿಮೆಯಾದ ಟೈರೇ ಬಿಸಿ ರಸ್ತೆಯಲ್ಲಿ ಹೆಚ್ಚು ಕಾಯುವುದು ಮತ್ತು ಸಿಡಿಯುವುದು. ಈ ಕಾರುಗಳ ತೂಕವೂ ಜಾಸ್ತಿ.

ಈ ಸಲ ಬೆಳಗಿನ ಜಾವ ಪೌಣೆ ಐದಕ್ಕೆ ಹೊರಟೆವು. ಚಾರ್ಜರ್ ಚುಚ್ಚಿದ್ದಾಗಲೇ ಹತ್ತು ನಿಮಿಷ ಏಸಿ ಹಾಕಿ ಒಳಗೆ ತಂಪು ಮಾಡಿಕೊಂಡಿದ್ದೆ. ಹೀಗೆ ಮಾಡಿದರೆ ಮೊದಲ ತಂಪಿನ ಖರ್ಚು ಮನೆಯ ಕರೆಂಟಿನಿಂದಲೇ ಹೋಗುತ್ತದೆ. ಕಾದ ಕಾರನ್ನು ತಂಪು ಮಾಡಲು ಏಸಿ ಮೊದಲಿಗೆ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ, ಆಮೇಲೆ ಒಂದು, ಒಂದೂವರೆಗೆ ಇಳಿಯುತ್ತದೆ. ಹೈವೇಯಲ್ಲಿ ಇದು ಅಷ್ಟು ಗೊತ್ತಾಗುವುದಿಲ್ಲ. ಊರೊಳಗಿನ ಗದ್ದಲದಲ್ಲಿ ಇರುವೆಯ ಹಾಗೆ ತೆವಳುವಾಗ ಏಸಿಯ ಪಾಲು ತುಂಬಾ ದೊಡ್ಡದು. ಕಾದ ಕಾರಿಗೆ ಹತ್ತುವಾಗ ಮೊದಲು ನಾಲ್ಕೂ ಬಾಗಿಲು ಒಂದು ನಿಮಿಷ ತೆಗೆದಿಡಿ, ಬಿಸಿಗಾಳಿ ಹೊರಗೆ ಹೋಗಲಿ. ಆಮೇಲೆ 25, 26ಕ್ಕೆ ಏಸಿ ಸಾಕು. ಉಳಿತಾಯ ಅಂತ ಏಸಿ ಪೂರಾ ಬಂದ್ ಮಾಡಬೇಡಿ. ಆ ಬಿಸಿಲಲ್ಲಿ ಮುದುಕರಿಗೆ, ಮಕ್ಕಳಿಗೆ ಅದು ಅಪಾಯ.

ಏಸಿಗಿಂತ ಜಾಸ್ತಿ ನುಂಗುವುದು ವೇಗ. 80ರಿಂದ 100ಕ್ಕೆ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತದೆ. ಕಳೆದ ವರ್ಷ ಒಂದು ಯುನಿಟ್ಟಿಗೆ ಐದು ಕಿ.ಮೀ. ಚಿಲ್ಲರೆ ಸಿಕ್ಕಿತ್ತು. ಈ ಸಲ 80ಕ್ಕೆ ಹಿಡಿದು ಓಡಿಸಿದೆ, ಏಳು ಚಿಲ್ಲರೆ ಸಿಕ್ಕಿತು. ಅದೇ ಕಾರು, ಅದೇ ದಾರಿ. ಸೊಲ್ಲಾಪುರ ಮಂಗಳವೇಢೆ ನಡುವಿನ ನಾಲ್ಕು ಲೇನಿನ ರಸ್ತೆ ಎಷ್ಟು ಚೆಂದವಿದೆ ಅಂದರೆ ಕಾಲು ತಾನೇ ಒತ್ತುತ್ತದೆ. ಅಲ್ಲೇ ತಡೆದುಕೊಳ್ಳಬೇಕು.

ಮಂಗಳವೇಢೆಯಲ್ಲಿ ನಿಲ್ಲದೆ ಹೋಗಬೇಡಿ. ಕಲಚುರಿ ಬಿಜ್ಜಳನ ಊರು. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಭಂಡಾರದ ಕೆಲಸದಲ್ಲಿದ್ದದ್ದು ಇಲ್ಲೇ. ಅವ್ವ ಕಾರಿನಿಂದ ಇಳಿದ ಕೂಡಲೇ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಇಲ್ಲಿಯ ಜೋಳಕ್ಕೆ ಜಿಐ ಮಾನ್ಯತೆಯೂ ಇದೆ, ಅಂದರೆ ಈ ಊರಿನದೇ ವಿಶೇಷ ಬೆಳೆ ಎಂಬ ಸರಕಾರಿ ಗುರುತು. ಮರದ ಕೆಳಗೆ ಕೂತು ಮನೆಯಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದೆವು. ಕಾರೂ ನೆರಳಲ್ಲಿ ಅರ್ಧ ತಾಸು ನಿಂತಿತು.

ಬಿಸಿಲು ಏರುವ ಮೊದಲೇ ಪಂಢರಪುರ ಮುಟ್ಟಿದೆವು. 44 ಪರ್ಸೆಂಟ್ ಉಳಿದಿತ್ತು. ಒಂದು ರಾತ್ರಿ ಉಳಿಯುವುದು ಅಂತ ಮೊದಲೇ ತೀರ್ಮಾನಿಸಿದ್ದೆವು. ಲಾಡ್ಜ್ ಬುಕ್ ಮಾಡುವಾಗ ಫೋನಿನಲ್ಲಿ ಮೂರು ಮಾತು ಕೇಳಿ. ನೆರಳಿನ ಪಾರ್ಕಿಂಗ್ ಇದೆಯಾ? ಪಾರ್ಕಿಂಗ್ ಹತ್ತಿರ 15 ಆಂಪಿಯರ್ ಸಾಕೆಟ್ ಇದೆಯಾ? ಯುನಿಟ್ಟಿಗೆ ಎಷ್ಟು ತೆಗೆದುಕೊಳ್ಳುತ್ತೀರಿ? ನಾಲ್ಕು ಕಡೆ ಕೇಳಿದ ಮೇಲೆ ಒಂದು ಕಡೆ ಒಪ್ಪಿದರು. ಹೋದ ಮೇಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ. ಅಲ್ಲಿಯ ಸಾಕೆಟ್ ನಮ್ಮ ಮನೆಯದಲ್ಲ. ಹಾಗಾಗಿ ಅರ್ಧ ಗಂಟೆ ಚಾರ್ಜ್ ಆದ ಮೇಲೆ ಕೆಳಗೆ ಹೋಗಿ ಪ್ಲಗ್ ಮುಟ್ಟಿ ನೋಡಿದೆ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲು ಆಗದಷ್ಟು ಬಿಸಿಯಿದ್ದರೆ ನಿಲ್ಲಿಸಿಬಿಡಿ. ಕಾರಿನಲ್ಲಿ ಆಂಪಿಯರ್ ಇಳಿಸುವ ಸೌಲಭ್ಯವಿದ್ದರೆ 10ಕ್ಕೆ ಇಳಿಸಿ. ರಾತ್ರಿ ಹತ್ತಕ್ಕೆ ಹಚ್ಚಿದ್ದು ಬೆಳಗಿನ ಜಾವದ ಹೊತ್ತಿಗೆ ತುಂಬಿತ್ತು. ನಿಧಾನದ ಚಾರ್ಜಿನಲ್ಲಿ ಬ್ಯಾಟರಿಗೆ ಬಿಸಿ ಕಡಿಮೆ, ಬೇಸಿಗೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ.

ಅದಕ್ಕೂ ಮೊದಲು, ಹಗಲಲ್ಲಿ ಲಾಡ್ಜಿನ ನೆರಳು ಮಧ್ಯಾಹ್ನದ ತನಕ ಮಾತ್ರ ಇತ್ತು. ಮಧ್ಯಾಹ್ನದ ಮೇಲೆ ಕಾರಿನ ಮೇಲೆ ಬಿಸಿಲು ಬಂತು. ಮನೆಯಿಂದ ಒಂದು ತಿಳಿ ಬಣ್ಣದ ಸೊಲ್ಲಾಪುರ ಚಾದರ ಒಯ್ದಿದ್ದೆ. ಅದನ್ನು ಮುಂದಿನ ಗಾಜಿನ ಹೊರಗೆ ಹಾಸಿ, ಎರಡೂ ತುದಿಯನ್ನು ಬಾಗಿಲಿನ ಒಳಗೆ ಸಿಕ್ಕಿಸಿದೆ. ಗಾಜಿನ ಒಳಗೆ ಹಾಕುವುದಕ್ಕಿಂತ ಹೊರಗೆ ಹಾಕುವುದು ಹೆಚ್ಚು ತಂಪು. ಬಿಸಿಲು ಗಾಜನ್ನು ದಾಟುವುದೇ ಇಲ್ಲ. ಸ್ಟೀರಿಂಗ್ ಮುಟ್ಟುವ ಹಾಗಿತ್ತು. ಕಪ್ಪು ಫಿಲ್ಮ್ ಅಂಟಿಸುವ ಯೋಚನೆ ಬಿಡಿ, ದಂಡ ಬೀಳುತ್ತದೆ. ಪವರ್ ಬ್ಯಾಂಕ್, ಸೆಂಟ್ ಸ್ಪ್ರೇ, ಲೈಟರ್ ಯಾವುದನ್ನೂ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಮಕ್ಕಳನ್ನಂತೂ ಒಂದು ನಿಮಿಷವೂ ಬಿಡಬೇಡಿ.

ಉಳಿಯಲು ಆಗದೆ ಅದೇ ದಿನ ತಿರುಗಿ ಬರುವವರು ಫಾಸ್ಟ್ ಚಾರ್ಜನ್ನು ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ಆರರ ಮೇಲೆ ಮಾಡಿ. ಹೈವೇಯಲ್ಲಿ ಜೋರಾಗಿ ಓಡಿಸಿ ಬಂದು ನೇರ ಗನ್ ಚುಚ್ಚಬೇಡಿ, ಸ್ವಲ್ಪ ಹೊತ್ತು ನೆರಳಲ್ಲಿ ನಿಲ್ಲಿಸಿ. ಕೆಲವು ಕಾರುಗಳಲ್ಲಿ ಬ್ಯಾಟರಿಯ ಕೂಲಂಟನ್ನು ತಣಿಸುವುದೂ ಏಸಿಯೇ. ಹಾಗಾಗಿ ಚಾರ್ಜ್ ಆಗುವಾಗ ಒಳಗೆ 18ಕ್ಕೆ ಏಸಿ ಹಾಕಿ ಕೂರುವ ಬದಲು ಇಳಿದು ಎಲ್ಲಾದರೂ ಕಬ್ಬಿನ ಹಾಲು ಕುಡಿಯಿರಿ. 80 ಆದ ಕೂಡಲೇ ಹೊರಡಿ. ಅಲ್ಲಿಂದ ಮೇಲೆ ತುಂಬುವುದು ನಿಧಾನ, ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಚಾರ್ಜರ್ ಆ್ಯಪ್‌ಗಳನ್ನು ಮನೆಯಲ್ಲೇ ಹಾಕಿಕೊಂಡು ಎರಡು ಮೂರರಲ್ಲಿ ದುಡ್ಡು ತುಂಬಿಡಿ. ದಾರಿಯಲ್ಲಿ ನೆಟ್‌ವರ್ಕ್ ಸಿಗದೆ ಓಟಿಪಿಗೆ ಪರದಾಡುವುದು ಬೇಡ. ಚೈತ್ರ ಏಕಾದಶಿಯ ಜಾತ್ರೆಯ ದಿನಗಳಲ್ಲಿ ಕಾರು ತರುವುದೇ ಬೇಡ. ಊರೊಳಗೆ ಗಾಡಿ ಬಿಡುವುದಿಲ್ಲ, ಚಾರ್ಜರಿಗೂ ಸಾಲು.

ವಾಪಸ್ ಬರುವಾಗ ಮೋಹೋಳ ಮೇಲೆ ಬಂದೆವು. ಬೆಳಿಗ್ಗೆ ಐದಕ್ಕೆ ಬಿಟ್ಟು, ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಗುಡಿಗೆ ಹೋಗಿ, ಹತ್ತರೊಳಗೆ ಮನೆ ಸೇರಿದೆವು. 46 ಪರ್ಸೆಂಟ್ ಉಳಿದಿತ್ತು. ಬಂದ ತಕ್ಷಣ ಚಾರ್ಜಿಗೆ ಹಚ್ಚಲಿಲ್ಲ. ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ರಾತ್ರಿ ಹನ್ನೊಂದಕ್ಕೆ ಹಚ್ಚಿದೆ.

ಅವ್ವ ಈಗ ಗುಡ್ಡಾಪುರದ ದಾನಮ್ಮನ ಗುಡಿಗೆ ಕರೆದುಕೊಂಡು ಹೋಗು ಅನ್ನುತ್ತಿದ್ದಾಳೆ. ಮಂಗಳವೇಢೆಯಿಂದ ಜತ್ತ ಕಡೆಗೆ ಇಳಿದು ಹೋಗಬೇಕು. ಉಳಿಯುವ ಜಾಗದಲ್ಲಿ ಸಾಕೆಟ್ ಇದೆಯಾ ಅಂತ ಕೇಳಲು ನಾಳೆ ಫೋನ್ ಮಾಡುತ್ತೇನೆ.