ಐಸ್ ಪೆಟ್ಟಿಗೆಯಲ್ಲಿ ಹೋದ ರಕ್ತ

ಚಿಕ್ಕಮಗಳೂರಿನ ಚಳಿ ಶುರುವಾದರೆ ಅಮ್ಮನ ಕಾಲಲ್ಲಿ ಕೆಂಪು ಚುಕ್ಕೆಗಳು ಏಳುತ್ತಿದ್ದವು. ಒತ್ತಿದರೂ ಬಣ್ಣ ಮಾಸುತ್ತಿರಲಿಲ್ಲ. ಜೊತೆಗೆ ಗಂಟು ನೋವು, ಪಾದದಲ್ಲಿ ಜೋಮು. ಆರ್‌ಎ ಫ್ಯಾಕ್ಟರ್ ಎಂಬ ಸಂಧಿವಾತದ ರಕ್ತಪರೀಕ್ಷೆ ಪಾಸಿಟಿವ್ ಬಂದಿತ್ತು. ಹಾಗಾಗಿ ಮೂರು ವರ್ಷ ಸಂಧಿವಾತದ ಮಾತ್ರೆ ನುಂಗಿದಳು. ಕಾಮಾಲೆ ಇರಲಿಲ್ಲ, ಊಟ ಸೇರುತ್ತಿತ್ತು. ಲಿವರ್ ಕಡೆ ಯಾರ ಗಮನವೂ ಹೋಗಲಿಲ್ಲ.

ಬೆಂಗಳೂರಿನಲ್ಲಿ ಕೀಲು ನೋವಿನ ಡಾಕ್ಟರ್ ಕೇಳಿದ್ದೇ ಬೇರೆ. "ಅಮ್ಮಾ, ಯಾವಾಗಲಾದ್ರೂ ರಕ್ತ ಹಾಕಿಸಿಕೊಂಡಿದ್ರಾ?"

ಹಾಕಿಸಿಕೊಂಡಿದ್ದಳು. 1994ರಲ್ಲಿ, ನಾನು ಹುಟ್ಟಿದಾಗ, ಎರಡು ಬಾಟಲಿ. ದಾನಿಗಳ ರಕ್ತದಲ್ಲಿ ಲಿವರಿಗೆ ತಗಲುವ ಹೆಪಟೈಟಿಸ್ ಸಿ ವೈರಸ್ ಇದೆಯಾ ಎಂದು ನೋಡುವುದು ನಮ್ಮ ದೇಶದಲ್ಲಿ ಕಡ್ಡಾಯವಾದದ್ದು 2001ರಲ್ಲಿ. ಪರೀಕ್ಷೆ ಮಾಡಿಸಿದೆವು. ವೈರಸ್ ಇತ್ತು.

ವರ್ಷಗಟ್ಟಲೆ ವೈರಸ್ ಒಳಗೇ ಕೂತರೆ ಅದರ ಜೊತೆ ಕಾದಾಡುವ ಬಿ ಕಣಗಳು (ಒಂದು ಬಗೆಯ ಬಿಳಿ ರಕ್ತಕಣ) ಬಿಡುವಿಲ್ಲದೆ ಪ್ರತಿಕಾಯ ಮಾಡುತ್ತವಂತೆ. ಆ ಪ್ರತಿಕಾಯಗಳು ಗುಂಪುಗೂಡಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಚರ್ಮ, ನರ, ಕಿಡ್ನಿ ಎಲ್ಲವನ್ನೂ ಕೆಡಿಸಬಲ್ಲವು. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ವಾ, ಕ್ರಯೋಗ್ಲಾಬ್ಯುಲಿನ್ ಎನ್ನುವ ಈ ಪ್ರತಿಕಾಯಗಳೂ ತಣ್ಣಗಾದರೆ ಗಟ್ಟಿಯಾಗುತ್ತವೆ.

ಅದರ ಪರೀಕ್ಷೆಗೆ ಊರಿಂದ ರಕ್ತ ಕಳಿಸಿದೆವು. ಐಸ್ ಪೆಟ್ಟಿಗೆಯಲ್ಲಿ ಹೋಯಿತು. 'ಇಲ್ಲ' ಅಂತ ರಿಪೋರ್ಟ್ ಬಂತು. ಡಾಕ್ಟರ್ ತಲೆ ಅಲ್ಲಾಡಿಸಿದರು. ದಾರಿಯಲ್ಲೇ ತಣ್ಣಗಾದರೆ ಅದು ಕೆಂಪು ಕಣಗಳ ಜೊತೆ ತಳ ಸೇರಿಬಿಡುತ್ತದೆ, ಮೇಲಿನ ತಿಳಿ ಭಾಗದಲ್ಲಿ, ಅಂದರೆ ಸೀರಂನಲ್ಲಿ, ಏನು ಸಿಗುತ್ತದೆ?

ಎರಡನೇ ಸಲ ಬೆಂಗಳೂರಲ್ಲೇ ರಕ್ತ ತೆಗೆಸಿದೆವು. 37 ಡಿಗ್ರಿ ಬಿಸಿನೀರಿನ ಫ್ಲಾಸ್ಕಿನಲ್ಲಿ ಟ್ಯೂಬ್ ಇಟ್ಟುಕೊಂಡು ನಾನೇ ಆಟೋದಲ್ಲಿ ಹೊರಟೆ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಶಾಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದೆ. ನನ್ನನ್ನು ಹೆರುವಾಗ ಮೈಗೆ ಹೋದ ರಕ್ತ. ಅದೇ ಯೋಚನೆ ದಾರಿಯುದ್ದಕ್ಕೂ.

ಲ್ಯಾಬಿನಲ್ಲಿ ಬೆಚ್ಚಗಿದ್ದಾಗಲೇ ಸೀರಂ ಬೇರೆ ಮಾಡಿ ಫ್ರಿಜ್ಜಿನಲ್ಲಿಟ್ಟರು. ವಾರದ ನಂತರ ಹೋಗಿ, ಒಮ್ಮೆ ತೋರಿಸಿ ಎಂದು ಕೇಳಿಕೊಂಡೆ. ಟ್ಯೂಬಿನ ತಳದಲ್ಲಿ ಬಿಳೀ ಗಷ್ಟು. ಬಿಸಿನೀರಿನಲ್ಲಿಟ್ಟರು. ನೋಡನೋಡುತ್ತಲೇ ಕರಗಿತು.

ಫೋನಿನಲ್ಲಿ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಚಳಿಗೆ ಜಾಸ್ತಿಯಾಗುತ್ತೆ ಅಂತ ನಾನು ಹೇಳ್ತಾನೇ ಇದ್ದೆ ಅಲ್ವಾ?"

ವೈರಸ್ ಕೊಲ್ಲುವ ಮಾತ್ರೆ ಸೋಫೋಸ್ಬುವಿರ್, ಡಕ್ಲಟಾಸ್ವಿರ್ 12 ವಾರ ತಗೊಂಡಳು. ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಕ್ಕಿತು. ವೈರಸ್ ಹೋಯಿತು. ಮುಂದಿನ ಡಿಸೆಂಬರಿನಲ್ಲಿ ಚುಕ್ಕೆ ಏಳಲಿಲ್ಲ. ಜೋಮು ಮಾತ್ರ ಇನ್ನೂ ಇದೆ. ಅಂಗಳಕ್ಕೆ ನೀರು ಹಾಕುವಾಗ ನೆಲ ಹಸಿಯಾಗಿದೆಯಾ ಅಂತ ಪಾದಕ್ಕೆ ಗೊತ್ತಾಗುವುದಿಲ್ಲ. ಬಗ್ಗಿ ಕೈಯಿಂದ ಮುಟ್ಟಿ ನೋಡುತ್ತಾಳೆ.