ಯಾವ ಟ್ರೇನರ್ ಒಳ್ಳೇದು? ಮೊದಲು ನಿಮ್ಮ ಸೈಕಲ್ಲಿನ ಹಿಂದಿನ ಚಕ್ರ ತೋರಿಸಿ

ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. "ಮನೆಯೊಳಗೆ ಸೈಕಲ್ ತುಳಿಯೋಕೆ ಟ್ರೇನರ್ ತಗೋಬೇಕು, ಯಾವುದು ಬೆಸ್ಟು?" ಟ್ರೇನರ್ ಅಂದರೆ ನಮ್ಮ ಸೈಕಲ್ಲನ್ನೇ ಕೂರಿಸಿ ನಿಂತಲ್ಲೇ ತುಳಿಯುವ ಯಂತ್ರ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಮಗಳ ಶಾಲೆಯ ಗೇಟಿನ ಮುಂದೆ ಕೇಳಿದ್ದಾರೆ. ರಾತ್ರಿ ಹತ್ತೂವರೆಗೆ ವಾಟ್ಸಾಪ್‌ನಲ್ಲಿ ಕೇಳಿ, ಕೆಳಗೆ "ಜಾಸ್ತಿ ವಿವರ ಬೇಡ, ಒಂದು ಹೆಸರು ಹೇಳಿ ಸಾಕು" ಅಂತ ಸೇರಿಸಿದ್ದಾರೆ. ಹೆಸರು ಹೇಳುವುದಿಲ್ಲ. ಒಮ್ಮೆ ಹೇಳಿ ಕೆಟ್ಟವಳಾಗಿದ್ದೇನೆ.

ಆಫೀಸಿನ ಗೆಳೆಯನೊಬ್ಬ ಹೀಗೇ ಒಂದು ಹೆಸರು ಕೇಳಿದ. ಹೇಳಿದೆ. ಅದು ಡೈರೆಕ್ಟ್ ಡ್ರೈವ್ ಟ್ರೇನರ್. ಅಂದರೆ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಪಕ್ಕಕ್ಕಿಟ್ಟು, ಫ್ರೇಮನ್ನೇ ಆ ಯಂತ್ರದ ಮೇಲೆ ಕೂರಿಸುತ್ತೇವೆ, ಹಲ್ಲುಚಕ್ರಗಳ ಕ್ಯಾಸೆಟ್ ಯಂತ್ರದಲ್ಲೇ ಇರುತ್ತದೆ. ಅವನು ದೊಡ್ಡ ದುಡ್ಡು ಕೊಟ್ಟು ತಂದ. ಭಾನುವಾರ ನನ್ನನ್ನೂ ಕರೆದ. ಅವನ ಅಮ್ಮ ಡಬ್ಬಕ್ಕೆ ಕುಂಕುಮ ಇಟ್ಟು ಊದಿನಕಡ್ಡಿ ಬೆಳಗಿದರು. ಆಮೇಲೆ ಸೈಕಲ್ ತಿರುಗಿಸಿ ನೋಡಿದರೆ ಹಳೇ ಏಳು ಗೇರಿನ ಸೈಕಲ್ಲು. ಚಕ್ರ ನಿಂತಿರುವುದು ಎರಡು ನಟ್ಟಿನ ಮೇಲೆ. ಹಲ್ಲುಚಕ್ರ ಅಂದರೆ ಚಕ್ರದ ನಡುವಿನ ಹಬ್‌ಗೇ ತಿರುಪಿನಂತೆ ತಿರುಗಿಸಿ ಕೂರಿಸುವ ಫ್ರೀವೀಲ್, ಬಿಚ್ಚಿ ಟ್ರೇನರ್‌ಗೆ ಹಾಕಲು ಬರುವುದಿಲ್ಲ. ಸಾಲದು ಅಂತ ಗೇರ್ ಬದಲಿಸುವ ಡಿರೇಲರ್ ಹಿಡಿದಿದ್ದ ಪಟ್ಟಿಯೂ ಅದೇ ನಟ್ಟಿಗೆ ಸಿಕ್ಕಿಸಿದ್ದು. ನಟ್ಟು ಬಿಚ್ಚಿದ ಕೂಡಲೇ ಅದೂ ಕೈಗೆ ಬಂತು. ಹಾಲ್‌ನಲ್ಲಿ ಎಲ್ಲರೂ ಸುಮ್ಮನಾದರು. "ಇವರೇ ಅಲ್ವೇನೋ ಹೇಳಿದ್ದು?" ಅಂದರು ಅವನ ಅಮ್ಮ, ತುಂಬ ಮೆಲ್ಲಗೆ.

ಹೌದು, ನಾನೇ ಹೇಳಿದ್ದು. ಆದರೆ ಅವನು ಕೇಳಿದ್ದು ಒಳ್ಳೇ ಟ್ರೇನರ್ ಯಾವುದು ಅಂತ, ತನ್ನ ಸೈಕಲ್ಲಿಗೆ ಯಾವುದು ಕೂರುತ್ತದೆ ಅಂತ ಅಲ್ಲ. ಇವೆರಡೂ ಒಂದೇ ಅಲ್ಲ ಅಂತ ಅವತ್ತಿನಿಂದ ಹೇಳುತ್ತಲೇ ಇದ್ದೇನೆ. ಚಪ್ಪಲಿ ತರುವಾಗ ಕಾಲಿನ ಅಳತೆ ಹೇಳುತ್ತೀರಿ ಅಲ್ವಾ? ಇದಕ್ಕೂ ಅಷ್ಟೇ.

ಹಾಗಾಗಿ ಮೊದಲು ಹಿಂದಿನ ಚಕ್ರ ನೋಡಿ. ನಟ್ಟು, ಫ್ರೀವೀಲ್ ಇದ್ದರೆ ಡೈರೆಕ್ಟ್ ಡ್ರೈವ್ ಮರೆತುಬಿಡಿ. ನಿಮಗೆ ಬೇಕಾದದ್ದು ಚಕ್ರ ಬಿಚ್ಚದೆ, ಟೈರಿಗೆ ಒಂದು ರೋಲರ್ ಒತ್ತಿ ನಿಲ್ಲುವ ವೀಲ್ ಆನ್ ಟ್ರೇನರ್. ಅದರ ಹಿಡಿಕೆ ನಿಮ್ಮ ನಟ್ಟನ್ನು ಹಿಡಿಯುತ್ತದಾ ಅಂತ ಸೈಕಲ್ ತಗೊಂಡು ಹೋಗಿ ಅಂಗಡಿಯಲ್ಲೇ ನೋಡಿ. ಸಣ್ಣ ಹಿಡಿ ತಿರುಗಿಸಿ ಚಕ್ರ ಬಿಚ್ಚುವ ಕ್ವಿಕ್ ರಿಲೀಸ್ ಇದ್ದರೆ ಸುಲಭ, ಟ್ರೇನರ್ ಜೊತೆ ಕೊಡುವ ಉಕ್ಕಿನ ಕಡ್ಡಿಯನ್ನೇ ಹಾಕಿಕೊಳ್ಳಿ. ಫ್ರೇಮಿನ ತೂತಿನಲ್ಲಿ ತೂರಿಸಿ ತಿರುಗಿಸುವ ದಪ್ಪ ಕಡ್ಡಿಯ ಥ್ರೂ ಆಕ್ಸಲ್ ಆದರೆ ಅದಕ್ಕೆ ಬೇರೆ ಅಡಾಪ್ಟರ್ ಬೇಕಾಗಬಹುದು, ಹಬ್‌ನ ಅಗಲ 142 ಮಿಲಿಮೀಟರಾ 148ಆ ಅಂತ ತಿಳಿದುಕೊಂಡು ಹೋಗಿ. ಕ್ಯಾಸೆಟ್ ಇರುವ ಸೈಕಲ್ಲಿಗೆ ಡೈರೆಕ್ಟ್ ಡ್ರೈವ್ ತಗೊಂಡರೂ ಹಿಂದೆ ಎಷ್ಟು ಗೇರ್ ಅಂತ ಎಣಿಸಿ. ಒಂಬತ್ತಕ್ಕೆ ಒಂಬತ್ತರದ್ದೇ, ಹನ್ನೊಂದಕ್ಕೆ ಹನ್ನೊಂದರದ್ದೇ ಕ್ಯಾಸೆಟ್ ಬೇಕು.

ವೀಲ್ ಆನ್‌ನಲ್ಲಿ ಪೆಡಲ್‌ಗೆ ಬಿಗಿ ಕೊಡಲು ಮ್ಯಾಗ್ನೆಟ್ ಇರುವುದು ಅಗ್ಗ. ಒಳಗೆ ದ್ರವ ಇರುವ ಫ್ಲೂಯಿಡ್‌ದು ಜೋರಾಗಿ ತುಳಿದಷ್ಟೂ ತಾನೇ ಬಿಗಿಯಾಗುತ್ತದೆ, ಸದ್ದೂ ಕಡಿಮೆ. ಗುಂಡು ಗುಂಡು ಹಲ್ಲಿರುವ ಎಂಟಿಬಿ (ಮೌಂಟನ್ ಬೈಕ್) ಟೈರ್ ಹಾಗೇ ಹಾಕಬೇಡಿ, ಮನೆಯೊಳಗೆ ಲಾರಿ ಬಂದಂತಿರುತ್ತದೆ. ನುಣುಪು ಟೈರ್ ಹಾಕಿ.

ಸದ್ದು ಅಂದಾಗ ನೆನಪಾಯಿತು. ನಾವಿರುವುದು ಮೈಸೂರಿನಲ್ಲಿ, ಮೊದಲ ಮಹಡಿ. ಕೆಳಗೆ ಎಂಬತ್ತು ದಾಟಿದ ಒಬ್ಬರು ಅಜ್ಜಿ. ನಾನು ಟ್ರೇನರ್ ತಂದ ಮೊದಲ ವಾರ ಬೆಳಗ್ಗೆ ಐದಕ್ಕೇ ಶುರು ಮಾಡುತ್ತಿದ್ದೆ. ನಾಲ್ಕನೇ ದಿನ ಅಜ್ಜಿ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದರು. "ಏನಮ್ಮಾ, ದಿನಾ ಇಷ್ಟು ಬೇಗ ರುಬ್ತೀಯಲ್ಲ, ಮನೇಲಿ ಅಷ್ಟೊಂದು ಜನ ಇದ್ದಾರಾ?" ಅವರಿಗೆ ಗ್ರೈಂಡರ್ ಅನಿಸಿತ್ತು. ಯಂತ್ರದ ಸದ್ದು ಕಿವಿಗೆ ಕಡಿಮೆ ಇದ್ದರೂ ನಡುಕ ನೆಲದಲ್ಲಿ ಇಳಿದು ಕೆಳಗಿನ ಮನೆಗೆ ಹೋಗುತ್ತದೆ, ಅದು ನನಗೆ ಗೊತ್ತಿರಲಿಲ್ಲ. ಅವರನ್ನು ಕೂರಿಸಿ ಕಾಫಿ ಕೊಟ್ಟು ಸೈಕಲ್ ತೋರಿಸಿದೆ. ದಪ್ಪ ರಬ್ಬರ್ ಮ್ಯಾಟ್ ಹಾಕಿದೆ. ಸಮಯ ಆರೂವರೆಗೆ ಬದಲಿಸಿದೆ.

ಆಮೇಲೆ ಜ್ವರ ಬಂದು ಮೂರು ದಿನ ತುಳಿದಿರಲಿಲ್ಲ. ಅಜ್ಜಿ ಕೆಳಗಿನಿಂದಲೇ ಕೂಗಿದರು. "ಯಾಕಮ್ಮಾ, ಸೈಕಲ್ ನಿಲ್ಲಿಸಿಬಿಟ್ಯಾ?"

ಇಷ್ಟು ವರ್ಷದಲ್ಲಿ ನನಗೆ ಇಷ್ಟವಾದ ಪ್ರಶ್ನೆ ಅದೊಂದೇ. ಯಾವುದು ಅಂತ ಎಲ್ಲರೂ ಕೇಳುತ್ತಾರೆ, ಯಾಕೆ ತುಳೀತೀಯ, ಯಾಕೆ ನಿಲ್ಲಿಸಿದೆ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳುತ್ತೇನೆ. ನನ್ನ ಗಂಡನಿಗೆ ರಾತ್ರಿ ಪಾಳಿ. ಮಲಗಿರುವ ಮಗಳೊಬ್ಬಳನ್ನೇ ಬಿಟ್ಟು ಬೆಳಗ್ಗೆ ರಸ್ತೆಗೆ ಹೋಗಲು ಆಗುವುದಿಲ್ಲ. ಕತ್ತಲಲ್ಲಿ ಒಬ್ಬಳೇ ಹೋಗಲು ಮನಸ್ಸೂ ಇಲ್ಲ. ಅವಳು ಏಳುವ ಮುಂಚೆ ಸಿಗುವ ನಲವತ್ತು ನಿಮಿಷ ನನ್ನದು. ಅದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಮೊದಲು ಚಾಮುಂಡಿ ಬೆಟ್ಟ ಹತ್ತಲು ಮೂರು ಕಡೆ ಕಾಲೂರುತ್ತಿದ್ದೆ. ಒಂದು ಮಳೆಗಾಲ ಪೂರ್ತಿ ಒಳಗೆ ತುಳಿದ ಮೇಲೆ, ಒಂದು ಭಾನುವಾರ ಎಲ್ಲೂ ನಿಲ್ಲದೆ ಮೇಲೆ ಹೋದೆ.

"ನಿಂತಲ್ಲೇ ತುಳಿಯೋದು ಸೈಕ್ಲಿಂಗಾ?" ಅನ್ನುವವರಿಗೆ ಮ್ಯಾಥ್ಯೂ ಹೇಮನ್ ಕಥೆ ಹೇಳುತ್ತೇನೆ. ಆಸ್ಟ್ರೇಲಿಯಾದ ಸೈಕಲ್ ರೇಸರ್. 2016ರ ಫೆಬ್ರವರಿ ಕೊನೆಯಲ್ಲಿ ರೇಸಿನಲ್ಲಿ ಬಿದ್ದು ಕೈ ಮೂಳೆ ಮುರಿದುಕೊಂಡರು. ರಸ್ತೆಗಿಳಿಯುವಂತಿರಲಿಲ್ಲ, ಮನೆಯಲ್ಲಿ ಟ್ರೇನರ್ ಮೇಲೆ ತಯಾರಿ ಮಾಡಿದರು. ಆರು ವಾರಕ್ಕೆ, ಏಪ್ರಿಲ್ 10ರಂದು, 257 ಕಿಲೋಮೀಟರಿನ ಪ್ಯಾರಿಸ್–ರೂಬೆ ಗೆದ್ದರು. ಕಲ್ಲುಹಾಸಿನ ರಸ್ತೆಯ ರೇಸು ಅದು.

ಆ್ಯಪ್ ಹೇಳಿದಂತೆ ಭಾರ ತಾನೇ ಬದಲಿಸುವ ಸ್ಮಾರ್ಟ್ ಟ್ರೇನರ್ ಬೇಕಾ? ದುಡ್ಡಿದ್ದರೆ ಬೇಕು. 150 ವಾಟ್ ಅಂತ ಹೇಳಿದರೆ ನಿಧಾನ ತುಳಿದರೂ ಜೋರು ತುಳಿದರೂ ಅಷ್ಟೇ ಶಕ್ತಿ ಬೇಕಾಗುವಂತೆ ಭಾರವನ್ನು ತಾನೇ ಹೆಚ್ಚು ಕಡಿಮೆ ಮಾಡುತ್ತದೆ, ಜ್ವಿಫ್ಟ್ ಅನ್ನುವ ಸೈಕ್ಲಿಂಗ್ ಆ್ಯಪ್‌ನಲ್ಲಿ ಏರು ಬಂದರೆ ಕಾಲಿಗೂ ಏರು ಗೊತ್ತಾಗುತ್ತದೆ. ಆದರೆ ಹೆಚ್ಚಿನವಕ್ಕೆ ಕರೆಂಟ್ ಬೇಕು. ನಾಲ್ಕು ಹನಿ ಬಿದ್ದರೆ ಕರೆಂಟ್ ಹೋಗುವ ಬೀದಿಯಲ್ಲಿದ್ದರೆ ಯುಪಿಎಸ್ ಲೆಕ್ಕವನ್ನೂ ಸೇರಿಸಿಕೊಳ್ಳಿ. ಟ್ಯಾಕ್ಸ್ ನಿಯೋ ತರದ ಕೆಲವು ಕರೆಂಟ್ ಇಲ್ಲದೆಯೂ ನಡೆಯುತ್ತವೆ, ಬೆಲೆ ಮಾತ್ರ ಜಾಸ್ತಿ.

ಎಲ್ಲಕ್ಕಿಂತ ಮೊದಲು ಒಂದು ಒಳ್ಳೇ ಫ್ಯಾನ್ ತಗೊಳ್ಳಿ. ಪೆಡಲ್‌ಗೆ ಹೋಗುವ ಶಕ್ತಿಯ ಸುಮಾರು ಮೂರು ಪಟ್ಟು ಮೈಯಲ್ಲಿ ಶಾಖವಾಗುತ್ತದೆ, ರಸ್ತೆಯಲ್ಲಾದರೆ ಗಾಳಿ ಅದನ್ನು ಒಯ್ಯುತ್ತದೆ, ಕೋಣೆಯಲ್ಲಿ ಒಯ್ಯುವವರು ಯಾರು? ಹ್ಯಾಂಡಲ್ ಮೇಲೆ ಟವೆಲ್ ಹಾಕಿ. ಬೆವರಿನ ಉಪ್ಪು ಬೋಲ್ಟುಗಳನ್ನು ತಿನ್ನುತ್ತದೆ.

ಇಷ್ಟು ಓದಿಯೂ ನನಗೆ ಮೆಸೇಜ್ ಮಾಡುವುದಾದರೆ ಖಂಡಿತ ಮಾಡಿ. ಹಿಂದಿನ ಚಕ್ರದ ಫೋಟೋ ಜೊತೆಗಿರಲಿ. ಚೈನ್ ಇರುವ ಕಡೆಯಿಂದ ತೆಗೆಯಿರಿ, ನಟ್ಟು ಕಾಣಬೇಕು. ಕೆಳಗಿನ ಮನೆಯಲ್ಲಿ ಯಾರಿದ್ದಾರೆ ಅನ್ನುವುದನ್ನೂ ಬರೆಯಿರಿ.